ಮಂಚ ತಿರುಗಿಸಿದ ಮಂಡಿ ಮೇಡಂ

ಕಡಲಾಚೆಯ ಒಂದು ಊರಿನಲ್ಲಿ, ಮಸೀದಿಯ ಬೆನ್ನಿಗೆ ಅಂಟಿಕೊಂಡ ಬೀದಿಯಲ್ಲಿ, ನಮ್ಮ ಮಂಡಿ ಮೇಡಂ ನೂರು ಜನ ಮುದುಕಿಯರನ್ನು ಮಂಚದಿಂದ ಎಬ್ಬಿಸಿ ಕುದುರೆಗಳ ಹಾಗೆ ಓಡಿಸಿದಳು. ಈ ಮಾತಿನಲ್ಲಿ ಅರ್ಧ ಸುಳ್ಳು. ನೂರು ಜನ ಇರಲಿಲ್ಲ, ಓಡಿದವರಂತೂ ಯಾರೂ ಇಲ್ಲ. ಆದರೆ ಮುದುಕಿಯರು ನಿಜ, ಮಂಚ ನಿಜ, ಎದ್ದದ್ದು ಅಪ್ಪಟ ನಿಜ. ಮಿಕ್ಕಿದ್ದು ಒಗ್ಗರಣೆ. ಅದಿಲ್ಲದೆ ಬಡಿಸಿದರೆ ನಿಮ್ಮ ಗಂಟಲಲ್ಲಿ ಇಳಿಯಬೇಕಲ್ಲ!

ಮಂಡಿ ಮೇಡಂ ಎನ್ನುವುದು ಅಲ್ಲಿಯವರು ಇಟ್ಟ ಅಡ್ಡಹೆಸರು. ಮುರಿದು ಕೂಡಿದ ಕೈಕಾಲುಗಳಿಗೆ ವ್ಯಾಯಾಮ ಮಾಡಿಸಿ ಮತ್ತೆ ಆಡುವ ಹಾಗೆ ಮಾಡುವುದು ಅವಳ ಕಸುಬು. ಅದಕ್ಕೆ ಫಿಸಿಯೋಥೆರಪಿ ಎಂದು ಗಜದುದ್ದದ ಹೆಸರಿದೆ. ಪೂರ್ತಿ ಹೇಳಲು ಹೋದರೆ ಕಟ್ಟಿಸಿದ ಹಲ್ಲು ಕೈಗೆ ಬರುತ್ತದೆ. ತಲೆಯಲ್ಲಿ ನಾಲ್ಕು ಬಿಳಿ ಕೂದಲು ಇಣುಕಿದ ಮೇಲೆ, ಅದೇನು ಹೊಳೆಯಿತೋ, ಆಸ್ಪತ್ರೆಯ ಕೆಲಸಕ್ಕೆ ರಜೆ ಹಾಕಿ ಆರು ತಿಂಗಳ ಸ್ವಯಂಸೇವೆಗೆ ಹೊರಟಳು.

"ಸ್ವಯಂಸೇವೆ ಅಂದ್ರೆ?" ಎಂದು ಅವಳ ತಾಯಿ ಕೇಳಿದರು.

"ಸಂಬಳ ಇಲ್ಲಮ್ಮ. ಇರೋಕೆ ಜಾಗ, ಊಟ ಕೊಡ್ತಾರೆ."

"ಅಷ್ಟಕ್ಕೆ ವಿಮಾನ ಯಾಕೆ ಹತ್ಬೇಕು? ಅದನ್ನೇ ನಾನು ಇಲ್ಲಿ ಇಷ್ಟು ವರ್ಷದಿಂದ ಕೊಡ್ತಿಲ್ವಾ!"

ಹತ್ತಿದಳು. ಅಲ್ಲಿಯ ಭಾಷೆ ಬೇರೆ. ಮೇಡಂ ಅದನ್ನು ಅರೆಬರೆ ಕಲಿತು, ಮಾತಿಗೆ ಸಿಗದ್ದನ್ನು ಕೈಸನ್ನೆಯಲ್ಲಿ ತುಂಬಿ ಸಂಸಾರ ಸಾಗಿಸಿದಳು. ಅವರು ಆಡಿದ್ದನ್ನೆಲ್ಲ ಇಲ್ಲಿ ನಮ್ಮ ಮಾತಿನಲ್ಲೇ ಕೇಳಿಕೊಳ್ಳಿ.

ಅವಳಿಗೆ ಜಾಗ ಸಿಕ್ಕಿದ್ದು ದೊಡ್ಡಮ್ಮನ ಮನೆಯ ಮಹಡಿಯ ಕೋಣೆಯಲ್ಲಿ. ದೊಡ್ಡಮ್ಮ ಆ ಮನೆಯ ಯಜಮಾನಿ ಮಾತ್ರ ಅಲ್ಲ, ಆ ಬೀದಿಗೇ ದೊಡ್ಡಮ್ಮ. ಮೈಕಟ್ಟು ಕಬ್ಬಿಣದ ಬೀರುವಿನಂಥದ್ದು, ಬಾಯಿ ಬಾಗಿಲಿಲ್ಲದ ಬೀರುವಿನಂಥದ್ದು. ಸೊಸೆಯಿಂದ ಹಿಡಿದು ಮೂಲೆಯ ಔಷಧಿ ಅಂಗಡಿಯ ತಮ್ಮನವರೆಗೆ ಎಲ್ಲರೂ ಅವಳ ಮುಂದೆ ಉಸಿರನ್ನು ಅಪ್ಪಣೆ ಕೇಳಿ ಬಿಡುವವರು. ಇಂಥ ದೊಡ್ಡಮ್ಮ ಮೆಟ್ಟಿಲಲ್ಲಿ ಜಾರಿ ಮಂಡಿಚಿಪ್ಪು ಒಡೆದುಕೊಂಡಿದ್ದಳು. ವೈದ್ಯರು ತಂತಿ ಕಟ್ಟಿ ಕೂಡಿಸಿದ್ದರು. ಮೂಳೆ ಕೂಡಿತ್ತು, ಆದರೆ ತೊಡೆ ಸೊರಗಿ ಬತ್ತಿಯಾಗಿತ್ತು. ನೆಲಕ್ಕೆ ಕೂತರೆ ಏಳಲಾಗದು. ಹಾಗಾಗಿ ಐದು ಹೊತ್ತಿನ ನಮಾಜನ್ನೂ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೇ ಮಾಡುತ್ತಿದ್ದಳು.

"ಕಾಯಿಲೆಯವರಿಗೆ ಕುರ್ಚಿ ನಡೆಯುತ್ತೆ ಅಂತ ಮೌಲ್ವಿಗಳೇ ಹೇಳಿದಾರಲ್ಲ ಅಕ್ಕ," ಎಂದು ತಮ್ಮ ಸಮಾಧಾನ ಹೇಳುತ್ತಿದ್ದ.

"ದೇವರು ಮಾಫಿ ಮಾಡ್ತಾನೆ ಕಣೋ, ಅವನ ಕೂಡ ನನಗೆ ಜಗಳ ಇಲ್ಲ. ನನ್ನ ಹಣೆ ಮಾಫಿ ಮಾಡ್ತಿಲ್ಲ! ಹುಡುಗಿಯಾಗಿದ್ದಾಗಿಂದ ನೆಲ ಮುಟ್ಟಿದ ಹಣೆ. ಈಗ ಗಾಳೀಲಿ ಬಗ್ಗಿ ಬಗ್ಗಿ ಬರ್ತೀನಿ, ಬಾಗಿಲ ತನಕ ಹೋಗಿ ಒಳಗೆ ಹೋಗದೆ ವಾಪಸ್ ಬಂದ ಹಾಗೆ." ಮೇಡಂ ಕಡೆ ತಿರುಗಿ, "ನೀನು ಹೋಗೋದರೊಳಗೆ ನನ್ನ ಹಣೆ ನೆಲಕ್ಕೆ ತಾಗಿಸ್ತೀಯಾ, ಮಗಳೇ?" ಎಂದು ಕೇಳಿದಳು.

"ತಾಗಿಸಿ, ಎಬ್ಬಿಸಿ, ಆಮೇಲೇ ವಿಮಾನ ಹತ್ತೋದು," ಎಂದು ಮೇಡಂ ಮಾತು ಕೊಟ್ಟುಬಿಟ್ಟಳು. ಬಂದು ಇನ್ನೂ ಪೆಟ್ಟಿಗೆಯ ಬೀಗ ತೆಗೆದಿರಲಿಲ್ಲ, ಆಗಲೇ ಮಾತು ಕೊಟ್ಟಾಗಿತ್ತು!

ವ್ಯಾಯಾಮದ ಕೋಣೆ ಇದ್ದದ್ದು ಔಷಧಿ ಅಂಗಡಿಯ ಹಿಂದೆ. ತಮ್ಮ ತನ್ನ ಔಷಧಿ ಡಬ್ಬಗಳನ್ನು ಹೊರಗೆ ಜರುಗಿಸಿ, ಹೆಂಗಸರಿಗೆಂದು ಜಾಗ ಬಿಟ್ಟುಕೊಟ್ಟಿದ್ದ. ಹಸಿರು ಪರದೆ, ಗೋಡೆಗೆ ಹೊಡೆದ ಹಿಡಿಕೋಲು, ಸಾಲಾಗಿ ಕಬ್ಬಿಣದ ಮಂಚಗಳು. ಮೊದಲ ದಿನ ಮೇಡಂ ಫೋನಿನಲ್ಲಿ ಎಲ್ಲವನ್ನೂ ತಾಯಿಗೆ ತೋರಿಸಿದಳು.

ತಾಯಿ ಚೀರಿದರು. "ಏ ಹುಡುಗಿ, ಕಿಟಕಿ ಬಿಸಿಲು ನೋಡಿದ್ರೆ ಆ ತಲೆದಿಂಬು ಉತ್ತರಕ್ಕಲ್ವೇನೇ? ಉತ್ತರಕ್ಕೆ ತಲೆ ಹಾಕಿ ಮಲಗಿಸೋದು ಯಾರನ್ನ? ಹೆಣಾನಾ! ಬದುಕೋಕೆ ಬಂದವರನ್ನ ಹಾಗೆ ಮಲಗಿಸ್ತಾರಾ? ಮೊದ್ಲು ತಿರುಗಿಸು!"

ಓದಿದವಳು, ಆಸ್ಪತ್ರೆಯಲ್ಲಿ ಹೆಸರು ಮಾಡಿದವಳು. ಆದರೂ ತಾಯಿಯ ಮಾತು ಒಮ್ಮೆ ಕಿವಿಗೆ ಬಿತ್ತೆಂದರೆ ಕಿತ್ತರೂ ಹೋಗದು. ಆ ಕಬ್ಬಿಣದ ಮಂಚಗಳನ್ನು ಒಬ್ಬಳೇ ದರದರ ಎಳೆದು, ಬೆವರಲ್ಲಿ ಮಿಂದು, ತಲೆ ದಕ್ಷಿಣಕ್ಕೆ ಬರುವಂತೆ ತಿರುಗಿಸಿ ನಿಲ್ಲಿಸಿದಳು. ಪರದೆಯ ಸಂದಿಯಿಂದ ಮುದುಕಿಯರು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ತುಟಿ ಎರಡು ಮಾಡಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಪಾಡು! ಅವಳು ಹೇಳಿಕೊಡುತ್ತಿದ್ದದ್ದು ಸುಲಭದ ವ್ಯಾಯಾಮ. ಮಂಚದ ಮೇಲೆ ಅಂಗಾತ ಮಲಗಬೇಕು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಳ್ಳಬೇಕು, ಕಾಲನ್ನು ನೆಟ್ಟಗೆ ಚಾಚಿ ಟವೆಲನ್ನು ಒತ್ತಬೇಕು. ಹಾಗೆ ಒತ್ತಿ ಒತ್ತಿ ತೊಡೆಗೆ ಬಲ ಬರುವುದು. ಆದರೆ ಮಲಗಿದ ಮುದುಕಿಯರೆಲ್ಲ ಸುಟ್ಟ ಹಪ್ಪಳದಂತೆ ಮುದುಡುವರು. ಮೇಡಂ ಎಳೆದು ನೆಟ್ಟಗೆ ಮಾಡಿದರೆ ಆ ಕ್ಷಣ ನೆಟ್ಟಗೆ; ಕೈ ಬಿಟ್ಟರೆ ಮಂಡಿ ಮತ್ತೆ ಗೋಪುರ. ಒಬ್ಬಳು ಓರೆಯಾಗಿ ಮಲಗುವಳು, ಇನ್ನೊಬ್ಬಳು ಮುಟ್ಟಿದ ಸಾವಿರಕಾಲಿನ ಹುಳದಂತೆ ಸುತ್ತಿಕೊಳ್ಳುವಳು. ದೊಡ್ಡಮ್ಮನ ಕಾಲಂತೂ ಮಂಚ ಕಂಡೊಡನೆ ಮಡಚುವುದು.

"ಚಾಚಿ ದೊಡ್ಡಮ್ಮ."

"ಚಾಚಿದೀನಲ್ಲ."

"ಇದು ಚಾಚಿರೋದಾ? ಇದರ ಕೆಳಗೆ ಬೆಕ್ಕು ಮರಿ ಹಾಕಬಹುದು!"

"ಹಾಕಲಿ ಬಿಡು, ಪುಣ್ಯ ಬರುತ್ತೆ."

ಒಂದು ದಿನ ಮೇಡಂ ನೀರಿಗೆಂದು ಅಡುಗೆಮನೆಗೆ ಇಳಿದಾಗ ಕಂಡದ್ದೇನು? ದೊಡ್ಡಮ್ಮ ಗೋಡೆಗೊರಗಿ ತಗ್ಗಿನ ಸ್ಟೂಲಿನ ಮೇಲೆ ಕೂತು, ಒಲೆಯ ಕಡೆ ಎರಡೂ ಕಾಲನ್ನು ರಸ್ತೆ ಹಾಕಿದಂತೆ ನೆಟ್ಟಗೆ ಚಾಚಿ, ಈರುಳ್ಳಿ ಹೆಚ್ಚುತ್ತಿದ್ದಾಳೆ! ಮೇಡಂಗೆ ಪಿತ್ತ ನೆತ್ತಿಗೇರಿತು. ಮರುದಿನ ಕೋಣೆಯಲ್ಲಿ ಎಲ್ಲರ ಮುಂದೆ, "ಮನೇಲಿ ಚಾಚೋ ಕಾಲು ಇಲ್ಲಿ ಬಂದ್ರೆ ಯಾಕೆ ಮಡಚುತ್ತೆ? ಕಷ್ಟಪಡೋಕೆ ಮನಸ್ಸಿಲ್ಲ ಅಂದ್ರೆ ಕುರ್ಚಿನೇ ಗಟ್ಟಿ ದೊಡ್ಡಮ್ಮ!" ಅಂದುಬಿಟ್ಟಳು.

ದೊಡ್ಡಮ್ಮ ಕೋಲು ಹಿಡಿದು ಎದ್ದು ಹೊರಟಳು. ಅವಳ ಹಿಂದೆ ಉಳಿದವರೂ ಹೊರಟರು. ಬಾಗಿಲ ಹೊರಗೆ ದಿನವೂ ಸಂತೆಯ ಹಾಗೆ ಹರಡಿರುತ್ತಿದ್ದ ಚಪ್ಪಲಿಗಳು ಮಾಯವಾದವು. ಉಳಿದದ್ದು ಮೇಡಂನದೇ ಒಂದು ಜೊತೆ. ಎರಡು ವಾರ ಹಾಗೇ ಕಳೆಯಿತು. ತಮ್ಮ ಬಂದು, "ಇನ್ನು ಡಬ್ಬ ಒಳಗೆ ತಂದಿಡ್ಲಾ ಮೇಡಂ?" ಎಂದು ಮೆಲ್ಲಗೆ ಕೇಳಿದ. ಅವಳು ಹೊರಡುವ ದಿನ ಹತ್ತಿರ ಬರುತ್ತಿತ್ತು, ಕೊಟ್ಟ ಮಾತು ಮಾತ್ರ ಅದೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿತ್ತು.

ಆ ಮಧ್ಯಾಹ್ನ ಮಹಡಿಗೆ ಬಂದು, ಫೋನನ್ನು ನೀರಿನ ಹೂಜಿಗೆ ಒರಗಿಸಿಟ್ಟು, ಬೀರುವಿಗೆ ಬೆನ್ನು ಕೊಟ್ಟು, ಫೋನಿನ ಕಡೆಗೆ ಕಾಲು ಚಾಚಿ ಕೂತು ತಾಯಿಯ ಮುಂದೆ ಗೋಳು ತೋಡಿಕೊಂಡಳು. ಇನ್ನೇನು ಕಣ್ಣೀರು ಬರಬೇಕು, ಅಷ್ಟರಲ್ಲಿ ತಾಯಿ ಗುಡುಗಿದರು.

"ಏಯ್! ಕಾಲು! ಕಾಲು ಮಡಚೇ!"

ಮೇಡಂನ ಎರಡೂ ಮಂಡಿ ಸ್ಪ್ರಿಂಗಿನ ಹಾಗೆ ಎದೆಗೆ ಬಂದವು. "ಯಾಕಮ್ಮ?"

"ನನ್ನ ಹಿಂದೆ ಏನಿದೆ ನೋಡು! ದೇವರ ಕೋಣೆ ಬಾಗಿಲು ತೆಗೆದಿದೆ, ದೀಪ ಉರೀತಿದೆ. ಎರಡೂ ಪಾದ ದೇವರ ಮುಖಕ್ಕೇ ಹಿಡಿದಿದ್ದೀಯಲ್ಲೇ!"

"ಅಮ್ಮ, ದೇವರು ಫೋನಲ್ಲಿದಾನೆ. ಸಮುದ್ರ ದಾಟಿ ತಾಗುತ್ತಾ ನನ್ನ ಕಾಲು?"

"ತಾಗಲ್ಲ ತಾನೆ? ಹಾಗಿದ್ರೆ ಯಾಕೆ ಮಡಚಿದೆ?"

ಮೇಡಂ ತನ್ನ ಮಂಡಿಗಳನ್ನು ನೋಡಿಕೊಂಡಳು. ಅವು ಅವಳನ್ನು ಕೇಳಿ ಮಡಚಿರಲಿಲ್ಲ. ಚಿಕ್ಕಂದಿನಿಂದ ಬಿದ್ದ ಬೈಗುಳ ಕೇಳಿ ಮಡಚಿದ್ದವು. ಮತ್ತೆ ಚಾಚಲು ನೋಡಿದಳು; ದೀಪ ಕಾಣುತ್ತಿರುವಾಗ ಕಾಲು ಒಲ್ಲೆ ಎಂದಿತು. ಇದೇ ಗೋಪುರ! ಇದೇ, ಬೆಕ್ಕು ಮರಿ ಹಾಕುವ ಗೋಪುರ!

ಬಿದ್ದಂಬೀಳ ಕೆಳಗೆ ಓಡಿದಳು. ನಡುಮನೆಯಲ್ಲಿ ದೊಡ್ಡಮ್ಮನ ಕುರ್ಚಿ ಇತ್ತು. ದಿನಕ್ಕೆ ಐದು ಹೊತ್ತು ಮೇಡಂನ ಕಣ್ಣೆದುರೇ ಆ ಕುರ್ಚಿ ಮುಖ ಮಾಡುತ್ತಿದ್ದದ್ದು ಉತ್ತರದ ಗೋಡೆಗೆ. ಆ ಊರಿನಿಂದ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ದಿಕ್ಕು, ಉತ್ತರಕ್ಕಿತ್ತು. ಅವಳು ಮುದುಕಿಯರ ತಲೆ ಉತ್ತರದಿಂದ ಉಳಿಸಲು ಹೋಗಿ ಅವರ ಪಾದಗಳನ್ನು ನೇರವಾಗಿ ಅಲ್ಲಿಗೇ ತಿರುಗಿಸಿಟ್ಟಿದ್ದಳು!

ಅಡುಗೆಮನೆಯಲ್ಲಿ ದೊಡ್ಡಮ್ಮನ ಮುಂದೆ ಕುಕ್ಕರಿಸಿದಳು. "ಮೊದಲೇ ಹೇಳಬಾರದಿತ್ತಾ ದೊಡ್ಡಮ್ಮ? ಕಾಲು ಕಿಬ್ಲಾ ಕಡೆ ಆಗ್ತಿದೆ ಅಂತ ಒಂದು ಮಾತು?"

ದೊಡ್ಡಮ್ಮ ಈರುಳ್ಳಿ ಕೆಳಗಿಟ್ಟಳು. "ಹೇಗೆ ಹೇಳಲಿ? ಮನೆ ಬಿಟ್ಟು ಬಂದ ಹುಡುಗಿ. ಬಂದ ದಿನವೇ ಎತ್ತಿನ ಹಾಗೆ ಮಂಚ ಎಳೆದೆ. ಅಷ್ಟು ಕಷ್ಟಪಟ್ಟವಳಿಗೆ ತಪ್ಪು ಮಾಡಿದೆ ಅಂದ್ರೆ ನಾಲಿಗೆ ಉಳಿಯುತ್ತಾ? ಹೇಗೋ ಚಾಚೋಣ ಅಂತ ಎಲ್ಲರೂ ಮಾತಾಡ್ಕೊಂಡ್ವಿ. ಕಾಲು ಒಪ್ಪಲಿಲ್ಲ." ಆಮೇಲೆ ಕಣ್ಣು ಕಿರಿದು ಮಾಡಿ, "ಅದಿರಲಿ, ನೀನು ಯಾಕೆ ತಿರುಗಿಸಿದ್ದು?" ಅಂದಳು.

"ನಮ್ಮಲ್ಲಿ ಉತ್ತರಕ್ಕೆ ತಲೆ ಹಾಕೋದು ಹೆಣಕ್ಕೆ ಮಾತ್ರ."

ದೊಡ್ಡಮ್ಮ ನಕ್ಕಳು ನೋಡಿ, ಪಾತ್ರೆಗಳು ಕಪಾಟಿನಲ್ಲಿ ಕುಣಿದವು! "ಏ ಸೊಸೆ, ಬಾರೇ ಇಲ್ಲಿ! ಇವಳು ನಾವು ಹೆಣ ಆಗದ ಹಾಗೆ ಕಾಪಾಡ್ತಿದ್ಲಂತೆ. ನಾವು ಇವಳ ಮನಸ್ಸು ನೋಯದ ಹಾಗೆ ಕಾಪಾಡ್ತಿದ್ವಿ. ಮಧ್ಯ ನನ್ನ ಮಂಡಿ ಅನಾಥ ಆಯ್ತು!"

"ಮನಸ್ಸಿಲ್ಲ ಅಂತ ಬೈದುಬಿಟ್ಟೆ, ಕ್ಷಮಿಸಿ."

"ಬೈದದ್ದಕ್ಕೆ ದಂಡ ಇದೆ. ಇವತ್ತು ಮಂಚ ನೀನೊಬ್ಬಳೇ ಎಳೀಬೇಕು."

ಒಬ್ಬಳೇ ಎಳೆಯಲು ಬಿಟ್ಟರೆ ತಾನೆ! ಸೊಸೆ ಸೆರಗು ಸಿಕ್ಕಿಸಿ ಬಂದಳು, ತಮ್ಮ ಅಂಗಡಿ ಬಿಟ್ಟು ಬಂದ, ದೊಡ್ಡಮ್ಮ ಕೋಲು ಬೀಸುತ್ತ ಅಪ್ಪಣೆ ಕೊಟ್ಟಳು. ತಲೆ ಪೂರ್ವಕ್ಕೆ, ಕಾಲು ಪಶ್ಚಿಮಕ್ಕೆ. ಅಲ್ಲಿ ಮೇಡಂನ ತಾಯಿ ಹೆದರಿದ ಹೆಣವೂ ಇರಲಿಲ್ಲ, ದೊಡ್ಡಮ್ಮನ ಕಿಬ್ಲಾವೂ ಇರಲಿಲ್ಲ. ದೊಡ್ಡಮ್ಮ ಮಲಗಿದಳು. ಆ ಕಾಲು ತಾನಾಗಿ ಚಾಚಿತು, ಟವೆಲ್ ಅಪ್ಪಚ್ಚಿಯಾಗಿ ಚಪಾತಿಯಾಯಿತು.

ಆಮೇಲಿನ ದಿನಗಳಲ್ಲಿ ಆ ಮುದುಕಿ ಪಟ್ಟ ಪಾಡು ಪೈಲ್ವಾನರೂ ಪಟ್ಟಿರಲಾರರು. ಬೆಳಿಗ್ಗೆ ಮಂಚದಲ್ಲಿ, ಮಧ್ಯಾಹ್ನ ಹಿಡಿಕೋಲಿನಲ್ಲಿ, ಸಂಜೆ ದಿಂಬಿನ ಮೇಲೆ ದಿಂಬಿಟ್ಟು ಕೂತು ಏಳುವುದು. ದಿನ ಕಳೆದಂತೆ ದಿಂಬು ಒಂದೊಂದಾಗಿ ಕಡಿಮೆಯಾಯಿತು. ಬೈಗುಳ ಮಾತ್ರ ಕಡಿಮೆಯಾಗಲಿಲ್ಲ. "ಇವಳ ಕೈಗೆ ಸಿಗೋದಕ್ಕಿಂತ ಮೆಟ್ಟಿಲೇ ವಾಸಿ ಇತ್ತು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುವಳು, ಕೂಗುತ್ತಲೇ ಇನ್ನೊಂದು ಸಲ ಏಳುವಳು.

ಹೊರಡುವ ಹಿಂದಿನ ದಿನ, ಮಧ್ಯಾಹ್ನದ ಬಾಂಗು ಕೇಳಿಸಿತು. ನಡುಮನೆಯಲ್ಲಿ ಬೀದಿಯ ಮುದುಕಿಯರೆಲ್ಲ ಜಮಾಯಿಸಿದ್ದರು. ದೊಡ್ಡಮ್ಮ ವುಜೂ ಮಾಡಿ, ಕೈಕಾಲು ತೊಳೆದ ನೀರು ಇನ್ನೂ ತೊಟ್ಟಿಕ್ಕುತ್ತಿರುವಂತೆ ಬಂದು, ಪ್ಲಾಸ್ಟಿಕ್ ಕುರ್ಚಿಯನ್ನು ಕೋಲಿನಿಂದ ಬದಿಗೆ ತಳ್ಳಿದಳು. ಆಮೇಲೆ ಕೋಲನ್ನೂ ಸೊಸೆಯ ಕೈಗೆ ಕೊಟ್ಟಳು.

"ಮಗಳೇ, ನಾನು ಬಿದ್ರೂ ಮುಟ್ಟಬೇಡ."

ಮೇಡಂ ದೊಡ್ಡಮ್ಮನ ಎಡಕ್ಕೆ ನಿಂತು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಒಂದು ಕೈ ಇನ್ನೊಂದನ್ನು ಕಳ್ಳನನ್ನು ಹಿಡಿದ ಹಾಗೆ ಹಿಡಿದಿತ್ತು.

ದೊಡ್ಡಮ್ಮ ನಿಂತಳು, ಬಗ್ಗಿದಳು, ಮತ್ತೆ ನೇರವಾದಳು. ಇನ್ನು ಇಳಿಯಬೇಕು. ಒಳ್ಳೆಯ ಮಂಡಿ ಮೊದಲು, ಒಡೆದ ಮಂಡಿ ಆಮೇಲೆ, ಅಂಗೈ, ಆಮೇಲೆ ಹಣೆ. ತಾಗಿತು! ಬೀರುವಿನಂಥ ಆ ಮೈ ಚಾಪೆಯ ಮೇಲೆ ಇಷ್ಟೇ ಇಷ್ಟಾಗಿ, ಮಗುವಿನ ಹಾಗೆ ಮುದುಡಿತು. ಎಷ್ಟು ಹೊತ್ತಾದರೂ ಏಳಲೊಲ್ಲಳು. ಸೊಸೆ ಗಾಬರಿಯಾಗಿ ಮೇಡಂ ಕಡೆ ನೋಡಿದಳು. ನೋವಲ್ಲ, ಇಷ್ಟು ದಿನದ ಬಾಕಿ ಮಾತೆಲ್ಲ ಹೇಳಿಕೊಳ್ಳುತ್ತಿದ್ದಾಳೆ ಎಂದು ಮೇಡಂಗೆ ಅನ್ನಿಸಿತು.

ಇಳಿಯುವುದು ಯಾರಿಗೂ ಬರುತ್ತದೆ, ಕಷ್ಟ ಇದ್ದದ್ದು ಏಳುವುದರಲ್ಲಿ. ಎರಡನೆಯ ಸಲ ಹಣೆ ಮುಟ್ಟಿಸಿ ದೊಡ್ಡಮ್ಮ ಅಂಗೈ ಊರಿದಳು. ತೊಡೆ ನಡುಗಿತು. ಅರ್ಧಕ್ಕೆ ಎದ್ದ ಮೈ ಎತ್ತ ಬೀಳಲಿ ಎಂದು ಯೋಚಿಸುವಂತೆ ತೂಗಾಡಿತು. ಮೇಡಂನ ಕೈ ಬೆನ್ನ ಹಿಂದಿನಿಂದ ತಪ್ಪಿಸಿಕೊಂಡು ಮುಂದೆ ಬಂದೇಬಿಟ್ಟಿತು. ಮುಟ್ಟಲಿಲ್ಲ. ಗಾಳಿಯಲ್ಲೇ ನಿಂತಿತು. ಆ ಕೈಯ ಪಕ್ಕದಲ್ಲೇ, ಅದರ ಹಂಗಿಲ್ಲದೆ, ದೊಡ್ಡಮ್ಮ ಎದ್ದಳು. ನೆಟ್ಟಗೆ, ದೀಪದ ಕಂಬದ ಹಾಗೆ ಎದ್ದು ನಿಂತಳು!

ಅಲ್ಲಿದ್ದವರು ಉಸಿರು ಬಿಟ್ಟ ಗಾಳಿಗೆ ಬೀದಿಯ ಮೂಲೆಯ ಅಂಗಡಿಯ ಹಿಂದಿನ ಹಸಿರು ಪರದೆಯೂ ಹಾರಿತಂತೆ. ನಮಾಜು ಮುಗಿಯುತ್ತ ದೊಡ್ಡಮ್ಮ ಬಲಕ್ಕೆ ಮುಖ ತಿರುಗಿಸಿ ಸಲಾಮು ಹೇಳಿದಳು, ಎಡಕ್ಕೆ ತಿರುಗಿಸಿ ಸಲಾಮು ಹೇಳಿದಳು. ಎಲ್ಲವನ್ನೂ ಕ್ರಮವಾಗಿ ಮುಗಿಸಿದ ಮೇಲೆ, ಎಡಕ್ಕೆ ನಿಂತಿದ್ದ ಮೇಡಂಗೆ ಒಂದು ಕಣ್ಣು ಹೊಡೆದಳು.

ಆ ಸಂಜೆ ಫೋನಿನಲ್ಲಿ ತಾಯಿ, "ಮಂಚ ತಿರುಗಿಸು ಅಂದೋಳು ನಾನು, ಕಾಲು ಮಡಚು ಅಂದೋಳು ನಾನು. ಗೆದ್ದದ್ದು ಯಾರು ಹಾಗಾದ್ರೆ?" ಎಂದು ಮೆರೆದರು. ಮೇಡಂ ಅದರ ಅರ್ಥ ಹೇಳಿದೊಡನೆ ದೊಡ್ಡಮ್ಮ ಫೋನು ಕಸಿದುಕೊಂಡು, ತನ್ನ ಭಾಷೆಯಲ್ಲೇ, "ಗೆದ್ದದ್ದು ನನ್ನ ಮಂಡಿ ಕಣ್ರೀ ತಂಗಿ! ನಿಮ್ಮ ಮಗಳನ್ನ ನಾಳೆ ಕಳಿಸೋದು ಕಷ್ಟ," ಅಂದಳು. ಕುರ್ಚಿಯ ಮೇಲೆ ಆಗಲೇ ಒದ್ದೆ ಬಟ್ಟೆ ಒಣಗುತ್ತಿತ್ತು.

ಮಾರನೆಯ ಬೆಳಿಗ್ಗೆ ಮೇಡಂ ಪೆಟ್ಟಿಗೆ ಹಿಡಿದು, ಬೀಗದ ಕೈ ಹಿಂದಿರುಗಿಸೋಣವೆಂದು ಔಷಧಿ ಅಂಗಡಿಯ ಹಿಂದಕ್ಕೆ ಹೋದಳು. ಕೋಣೆಯ ಬಾಗಿಲು ಅವಳಿಗಿಂತ ಮೊದಲೇ ತೆರೆದಿತ್ತು. ಒಳಗಿಂದ ದೊಡ್ಡಮ್ಮನ ಗದರಿಕೆ ಕೇಳಿಸುತ್ತಿತ್ತು: "ಚಾಚೇ, ಚಾಚು! ಬೆಕ್ಕು ಮರಿ ಹಾಕೀತು!" ಹೊಸ್ತಿಲ ಹೊರಗೆ, ಮೆಟ್ಟಿಲ ಮೇಲೆ, ಮೆಟ್ಟಿಲಿಳಿದು ಬೀದಿಯ ಉದ್ದಕ್ಕೂ ಚಪ್ಪಲಿಗಳು.

ಎಷ್ಟು ಜೊತೆ ಇದ್ದವು? ಮೇಡಂ ತನ್ನ ಚಪ್ಪಲಿಯನ್ನೂ ಅಲ್ಲಿ ಬಿಟ್ಟು ಒಳಗೆ ಹೋದಳೋ, ಪೆಟ್ಟಿಗೆ ಹಿಡಿದು ವಿಮಾನ ಹತ್ತಿದಳೋ? ಅದನ್ನು ನೀವೇ ಊಹಿಸಿ. ಹೇಳಿಬಿಟ್ಟರೆ ಅದರಲ್ಲೂ ಅರ್ಧ ಸುಳ್ಳು ಅಂತೀರಿ.