ಎರಡನೇ ಸೀನು

ಪಾರ್ವತಮ್ಮ ಏಳು ವರ್ಷದಿಂದ ಸೀನಿರಲಿಲ್ಲ. ಸೀನು ಬರುತ್ತಿರಲಿಲ್ಲ ಎಂದಲ್ಲ. ಪರ್ತ್‌ನಲ್ಲಿ ಹೂವು ಬಿಡುವ ಕಾಲಕ್ಕೆ ಯಾರ ಮೂಗು ತಾನೇ ಸುಮ್ಮನಿರುತ್ತದೆ. ಬಂದದ್ದನ್ನು ಅವರು ಸೆರಗಿನಿಂದ ಮೂಗು ಹಿಡಿದು, ಕಣ್ಣು ಮುಚ್ಚಿ, ಕಹಿ ಕಷಾಯ ನುಂಗಿದ ಹಾಗೆ ನುಂಗಿಬಿಡುತ್ತಿದ್ದರು. ಕೊರೋನಾ ಬಂದಾಗ ಅವರ ಬಡಾವಣೆ ಕ್ಯಾನಿಂಗ್ ವೇಲ್‌ನ ಕನ್ನಡದವರೆಲ್ಲ ‘ಆಂಟಿ ಎಷ್ಟು ಡಿಸಿಪ್ಲಿನ್’ ಎಂದು ಹೊಗಳಿದರು. ಅದರ ಹಿಂದಿನ ಕತೆ ಗೊತ್ತಿದ್ದದ್ದು ಮಗ ಸತ್ಯಪ್ರಕಾಶನಿಗೆ ಮಾತ್ರ.

ಏಳು ವರ್ಷದ ಹಿಂದೆ ಪಾರ್ವತಮ್ಮನ ತಂಗಿ ಕನಕ, ಗಂಡ ಮಹಾಬಲೇಶ್ವರರ ಜೊತೆ ಮೈಸೂರಿನ ಅಕ್ಕನ ಮನೆಯಿಂದಲೇ ಅಡಿಲೇಡಿನ ಮಗಳ ಮನೆಗೆ ಹೊರಟಿದ್ದರು. ಅವರು ಹೊಸ್ತಿಲು ದಾಟುವುದಕ್ಕೂ ಪಾರ್ವತಮ್ಮ ಸೀನುವುದಕ್ಕೂ ಸರಿಹೋಯಿತು. ಒಂದೇ ಸೀನು. ಎರಡಾಗಿದ್ದರೆ ಶುಭ, ಒಂಟಿ ಸೀನಾದರೆ ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು ಆಮೇಲೆ ಹೊರಡಬೇಕು. ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ. “ಅತ್ತಿಗೆ, ವಿಮಾನ ಸೀನಿಗೆಲ್ಲ ಕಾಯಲ್ಲ,” ಎಂದು ನಗುತ್ತ ಮಹಾಬಲೇಶ್ವರ ಹೊರಟೇಬಿಟ್ಟರು. ಅಡಿಲೇಡ್ ಮುಟ್ಟಿದ ಮೂರನೇ ತಿಂಗಳಿಗೆ ಹೃದಯಾಘಾತವಾಗಿ ತೀರಿಕೊಂಡರು. ಫೋನಿನಲ್ಲಿ ಅಳುತ್ತ ಕನಕ ಹೇಳಿದ್ದು ಒಂದೇ ಮಾತು: “ಅವತ್ತು ನೀನು ಸೀನಬಾರದಿತ್ತು ಅಕ್ಕ.” ಪಾರ್ವತಮ್ಮ ಫೋನು ಕೆಳಗಿಟ್ಟರು. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ, ಅಕ್ಕನ ಮೂಗಿನಲ್ಲಿ ಸೀನಿಲ್ಲ.

ಆಮೇಲೆ ಪಾರ್ವತಮ್ಮ ಮಗನ ಜೊತೆ ಇರಲು ಪರ್ತ್‌ಗೆ ಬಂದರು. ಈಗ ಇಬ್ಬರೂ ಒಂದೇ ದೇಶದಲ್ಲಿ, ನಡುವೆ ಮೂರು ಗಂಟೆಯ ವಿಮಾನ. “ಅವಳ ಹೊಸ್ತಿಲು ನಾನು ತುಳಿಯಲ್ಲ. ನನ್ನ ಕಾಲ್ಗುಣ ನನ್ನ ಹತ್ರಾನೇ ಇರ್ಲಿ,” ಎನ್ನುತ್ತಿದ್ದರು. ಆದರೆ ಸಂಜೆ ಟೀವಿಯಲ್ಲಿ ಹವಾಮಾನ ಬಂತೆಂದರೆ ಹುರುಳಿಕಾಯಿ ಹೆಚ್ಚುವ ಕೈ ನಿಲ್ಲುತ್ತಿತ್ತು. ಪರ್ತ್ ಹೋಗಲಿ, ಸಿಡ್ನಿ ಹೋಗಲಿ. ಅಡಿಲೇಡಿನ ಅಂಕಿ ಬಂದು ಹೋದ ಮೇಲೆಯೇ ಚಾಕು ಮತ್ತೆ ಆಡುತ್ತಿತ್ತು. ಮನೆಯಲ್ಲಿದ್ದಾಗೆಲ್ಲ ಸತ್ಯಪ್ರಕಾಶ ಇದನ್ನು ನೋಡುತ್ತಿದ್ದ.

ಅವನು ಗಣಿಯ ಭೂವಿಜ್ಞಾನಿ. ಎರಡು ವಾರ ಉತ್ತರದ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅದಿರು ಹುಡುಕುವುದು, ಒಂದು ವಾರ ಮನೆ. ಬಂಡೆ ಒಡೆಯುವುದು ಗೊತ್ತಿತ್ತು, ಅಮ್ಮನ ಮೌನ ಒಡೆಯುವುದು ಗೊತ್ತಿರಲಿಲ್ಲ. ಕೊನೆಗೆ ಅಡಿಲೇಡಿನ ಪ್ರಾಸ್ಪೆಕ್ಟ್‌ನಲ್ಲಿದ್ದ ಚಿಕ್ಕಮ್ಮನ ಮಗಳು ಶರ್ವಾಣಿಯೇ ದಾರಿ ತೋರಿಸಿದಳು. “ನಿಮ್ಮಮ್ಮ ನಮ್ಮನೆಗೆ ಬರಲ್ಲ, ನಮ್ಮಮ್ಮ ನಿಮ್ಮನೆಗೆ ಬರಲ್ಲ. ಯಾರ ಮನೆಯೂ ಅಲ್ಲದ ಜಾಗ ಬೇಕು ಕಣೋ. ಹಡಗು. ಅದಕ್ಕೆ ಹೊಸ್ತಿಲೇ ಇರಲ್ಲ.”

ಬ್ರಿಸ್ಬೇನಿನಿಂದ ಭಾನುವಾರ ಮಧ್ಯಾಹ್ನ ಹೊರಟು, ಏಳು ದಿನ ದ್ವೀಪಗಳನ್ನು ಸುತ್ತಿ ಬರುವ ಹಡಗು. ಇಬ್ಬರು ತಾಯಂದಿರಿಗೂ ಸೇರಿ ಒಂದೇ ಕೋಣೆ, ಎರಡು ಮಂಚ. ಕೇಳಿದಾಗ ಪರ್ತ್‌ನ ಅಮ್ಮ “ನೋಡೋಣ” ಎಂದರು. ಅಡಿಲೇಡಿನ ಅಮ್ಮನೂ “ನೋಡೋಣ” ಎಂದರು. ಹಿರಿಯರು ಬೇಡ ಅನ್ನದೆ ನೋಡೋಣ ಅಂದರೆ ಅರ್ಧ ಸೂಟ್‌ಕೇಸ್ ತುಂಬಿದಂತೆಯೇ. ಇದು ತಪ್ಪಿದರೆ ಇನ್ನೊಂದು ‘ನೋಡೋಣ’ ಇಬ್ಬರ ಬಾಯಿಂದಲೂ ಬರುವುದಿಲ್ಲ ಎಂದು ಸತ್ಯಪ್ರಕಾಶನಿಗೆ ಖಚಿತವಾಗಿತ್ತು.

ಆದರೆ ಅದು ಎರಡು ಸಾವಿರದ ಇಪ್ಪತ್ತೆರಡನೇ ಇಸವಿಯ ಜುಲೈ. ಹಡಗು ಹತ್ತುವ ಮೊದಲಿನ ನಲವತ್ತೆಂಟು ಗಂಟೆಯೊಳಗೆ ಮನೆಯಲ್ಲೇ ಕೂತು, ಕ್ಯಾಮೆರಾ ಮುಂದೆ, ಕಂಪನಿಯ ಮೇಲ್ವಿಚಾರಕರು ನೋಡುತ್ತಿರುವಾಗ ಮೂಗಿಗೆ ಕಡ್ಡಿ ಹಾಕಿಕೊಂಡು ಕೊರೋನಾ ಇಲ್ಲವೆಂದು ತೋರಿಸಬೇಕು. ಒಂದು ಕೋಣೆಯವರಿಗೆಲ್ಲ ಒಂದೇ ಸಮಯ, ಒಂದೇ ವಿಡಿಯೋ ಕರೆ. ಅಂದರೆ ಏಳು ವರ್ಷದ ಮೇಲೆ ಅಕ್ಕತಂಗಿಯರು ಮೊದಲು ಮುಖ ನೋಡುವುದು ಮೂಗಿನಲ್ಲಿ ಕಡ್ಡಿ ಇಟ್ಟುಕೊಂಡು.

ಸಮಯ ಗೊತ್ತು ಮಾಡುವುದೇ ಒಂದು ಮುಹೂರ್ತ ಹುಡುಕುವ ಕೆಲಸವಾಯಿತು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. “ಯಾವ ಊರಿನ ಹತ್ತೂವರೆ?” ಎಂದು ಪಾರ್ವತಮ್ಮ ಕೇಳಿದರು. ಪರ್ತ್‌ನಲ್ಲಿ ಒಂಬತ್ತಾದಾಗ ಅಡಿಲೇಡಿನಲ್ಲಿ ಹತ್ತೂವರೆ, ಬ್ರಿಸ್ಬೇನಿನಲ್ಲಿ ಹನ್ನೊಂದು. ರಾಹು ಪೂರ್ವದಿಂದ ಪಶ್ಚಿಮಕ್ಕೆ ಊರೂರು ಸುತ್ತಿಕೊಂಡು ಬರುವಷ್ಟರಲ್ಲಿ ಬೆಳಗ್ಗೆಯೆಲ್ಲ ಮುಗಿದಿರುತ್ತಿತ್ತು. ಕೊನೆಗೆ ಮೂರೂ ಊರಿನ ರಾಹು ಊಟಕ್ಕೆ ಹೋದ ಮೇಲೆ, ಪರ್ತ್‌ನ ಹನ್ನೆರಡೂಕಾಲಿಗೆ ಒಂದು ಸ್ಲಾಟ್ ಸಿಕ್ಕಿತು. ಅದೇ ಕೊನೆಯದು.

“ಒಂದು ಗೆರೆ ಬಂದರೆ ಪಾಸು ಅಮ್ಮ, ಎರಡು ಬಂದರೆ ಫೇಲು,” ಎಂದು ಸತ್ಯಪ್ರಕಾಶ ವಿವರಿಸಿದ.

“ಒಂಟಿ ಯಾವ ಶಾಸ್ತ್ರದಲ್ಲಿ ಒಳ್ಳೇದೋ? ಜೋಡಿ ಬಂದ್ರೆ ಫೇಲ್ ಅಂತೆ,” ಎಂದು ಪಾರ್ವತಮ್ಮ ಮುಖ ಸಿಂಡರಿಸಿದರು. ಅವರ ನಿಜವಾದ ಭಯ ಗೆರೆಯದ್ದಲ್ಲ. ಮೂರು ದಿನ ಬಚ್ಚಲುಮನೆಯ ಕನ್ನಡಿಯ ಮುಂದೆ ಕಿವಿಕಡ್ಡಿ ಹಿಡಿದು ಸೀನದೆ ಇರುವ ಅಭ್ಯಾಸ ಮಾಡಿದರು.

ಶುಕ್ರವಾರ ಹನ್ನೆರಡೂಕಾಲಿಗೆ ಲ್ಯಾಪ್‌ಟಾಪಿನಲ್ಲಿ ಮೂರು ಚೌಕ ತೆರೆದುಕೊಂಡವು. ಒಂದರಲ್ಲಿ ಪಾರ್ವತಮ್ಮ. ಪಕ್ಕದಲ್ಲಿ ಕನಕ. ಶರ್ವಾಣಿ ತನ್ನ ಅಮ್ಮನನ್ನು ಕೂರಿಸಿ ಕೋಣೆಯಿಂದ ಹೊರಗೆ ಹೋಗಿದ್ದಳು. ಕೆಳಗೆ ಬ್ರಿಸ್ಬೇನಿನಿಂದ ಗ್ಲೆನಿಸ್ ಎಂಬ ಮಧ್ಯವಯಸ್ಸಿನ ಮೇಲ್ವಿಚಾರಕಿ, ಕೊರಳಲ್ಲಿ ಗುರುತಿನ ಚೀಟಿ, ಮುಂದೆ ಓದಿ ಹೇಳಬೇಕಾದ ಕಾಗದ. ಎಪ್ಪತ್ತು ದಾಟಿದವರಿಗೆ ಒಬ್ಬ ಸಹಾಯಕನಿಗೆ ಅವಕಾಶವಿದ್ದದ್ದರಿಂದ ಸತ್ಯಪ್ರಕಾಶ ಕ್ಯಾಮೆರಾಕ್ಕೆ ಕಾಣದಂತೆ ಮೇಜಿನ ಪಕ್ಕ ಮಂಡಿಯೂರಿ ಕೂತಿದ್ದ. ಅಕ್ಕ ತಂಗಿಯ ಚೌಕ ನೋಡಲಿಲ್ಲ. ತಂಗಿ ಅಕ್ಕನ ಚೌಕ ನೋಡಲಿಲ್ಲ. ಇಬ್ಬರೂ ಗ್ಲೆನಿಸ್‌ಳನ್ನೇ ನೋಡುತ್ತಿದ್ದರು.

ಗ್ಲೆನಿಸ್ ನಿಯಮ ಓದಿದಳು. ಮುಖ ಮುಚ್ಚಬಾರದು. ಕೈಗಳು ಕಾಣಿಸಬೇಕು. ಚೌಕ ಬಿಟ್ಟು ಏಳಬಾರದು. ಪರೀಕ್ಷೆ ಕೊಡುವವರು ಪರಸ್ಪರ ಮಾತಾಡಬಾರದು. ಮೂರು ಎಚ್ಚರಿಕೆಯಾದರೆ ಪರೀಕ್ಷೆ ರದ್ದು. ಸತ್ಯಪ್ರಕಾಶ ಕನ್ನಡದಲ್ಲಿ ಹೇಳಿದ. ಮೂವತ್ತು ವರ್ಷ ಎಸ್ಸೆಸ್ಸೆಲ್ಸಿ ಕೋಣೆಗಳಲ್ಲಿ ಕಾಪಿ ಚೀಟಿ ಹಿಡಿದಿದ್ದ ಪಾರ್ವತಮ್ಮ ಟೀಚರು ತಲೆದೂಗಿದರು. “ಸ್ಟ್ರಿಕ್ಟು. ಹೀಗೇ ಇರಬೇಕು.”

ಅಷ್ಟರಲ್ಲಿ ಪರದೆ ಕೆಂಪಾಯಿತು. “ನಿಮ್ಮ ಹಿಂದಿರೋ ಆ ಜಂಟಲ್‌ಮನ್ ಹೊರಗೆ ಹೋಗಬೇಕು,” ಎಂದಳು ಗ್ಲೆನಿಸ್.

ಸತ್ಯಪ್ರಕಾಶ ತಿರುಗಿ ನೋಡಿದ. ಗೋಡೆಯ ಮೇಲೆ ಗಂಧದ ಹಾರ ಹಾಕಿದ ಅಪ್ಪನ ಫೋಟೋ. “ಅವರು ಹೋಗಿ ಹನ್ನೊಂದು ವರ್ಷ ಆಯ್ತು,” ಎಂದ.

“ನನಗೆ ಇನ್ನೂ ಕಾಣಿಸ್ತಿದ್ದಾರಲ್ಲ, ಲವ್,” ಎಂದಳು ಗ್ಲೆನಿಸ್, ಅಲ್ಲಿನವರು ಯಾರನ್ನಾದರೂ ಕರೆಯುವ ಹಾಗೆ.

“ಅದು ಫೋಟೋ. ನಮ್ಮ ತಂದೆ. ಈಗಿಲ್ಲ.”

ಗ್ಲೆನಿಸ್ ಕನ್ನಡಕ ಸರಿಮಾಡಿಕೊಂಡು ನೋಡಿ, ಸಾರಿ ಹೇಳಿದಳು. “ನನಗೆ ಅರ್ಥ ಆಯ್ತು. ಆದರೆ ಕಂಪ್ಯೂಟರಿಗೆ ಅರ್ಥ ಆಗಲ್ಲ. ಅದು ಇಬ್ಬರು ಅಂತ ಎಣಿಸ್ತಿದೆ. ಅವರನ್ನ ಗೋಡೆ ಕಡೆ ತಿರುಗಿಸಬಹುದಾ?”

ಕಟ್ಟಿಕೊಂಡ ಗಂಡನ ಮುಖವನ್ನು ಗೋಡೆಗೆ ತಿರುಗಿಸಲು ಪಾರ್ವತಮ್ಮ ಒಪ್ಪಲಿಲ್ಲ. ಕುರ್ಚಿಯನ್ನೇ ಎರಡು ಗೇಣು ಸರಿಸಿ, ಫೋಟೋ ತಮ್ಮ ತಲೆಯ ಮರೆಗೆ ಬರುವಂತೆ ನೆಟ್ಟಗೆ ಕೂತರು. “ಇದ್ದಾಗ ಯಾವಾಗ್ಲೂ ಮುಂದೆ ಮುಂದೆ ಬರೋರು. ಇವತ್ತೊಂದಿನ ಹಿಂದೆ ಇರ್ಲಿ,” ಎಂದರು. ಪಕ್ಕದ ಚೌಕದಲ್ಲಿ ಕನಕ ತುಟಿ ಕಚ್ಚಿಕೊಂಡದ್ದನ್ನು ಸತ್ಯಪ್ರಕಾಶ ನೋಡಿದ. ಭಾವನ ಸ್ವಭಾವ ಚಿಕ್ಕಮ್ಮನಿಗೆ ಗೊತ್ತಿತ್ತು.

ಕಡ್ಡಿ ಹೊರಬಂತು. ಪ್ರತಿ ಹೊಳ್ಳೆಗೆ ಐದು ಸುತ್ತು, ಆಮೇಲೆ ಎರಡು ನಿಮಿಷದೊಳಗೆ ಕಡ್ಡಿ ಟ್ಯೂಬಿಗೆ ಬೀಳಬೇಕು. ಕನಕ ಸಲೀಸಾಗಿ ಮುಗಿಸಿ ಕೈಕಟ್ಟಿ ಕೂತರು. ಪಾರ್ವತಮ್ಮನದು ಬಲಗಡೆ ಐದು ಆಯಿತು. ಎಡಗಡೆ ಐದನೇ ಸುತ್ತು ಮುಗಿಯುವಷ್ಟರಲ್ಲಿ ಅವರ ಕಣ್ಣು ತುಂಬಿ, ಹುಬ್ಬು ಮೇಲೇರಿ, ಕೈ ತಾನಾಗಿ ಸೆರಗಿನ ಕಡೆ ಹೋಯಿತು. “ಮುಖ ಮುಚ್ಚಬಾರದು,” ಎಂದಳು ಗ್ಲೆನಿಸ್. ಶಿಸ್ತಿನ ಟೀಚರು ಕೈ ಇಳಿಸಿದರು.

ಏಳು ವರ್ಷದ ಸೀನು. ಲ್ಯಾಪ್‌ಟಾಪ್ ಅಲುಗಿತು.

ಪಾರ್ವತಮ್ಮ ಕಡ್ಡಿ ಹಿಡಿದು ಕಾದರು. ಇನ್ನೊಂದು ಬರಲಿಲ್ಲ. ಅವರ ಮುಖದ ಬಣ್ಣ ಇಳಿಯಿತು.

“ನಾನು ಹೋಗಲ್ಲ ಸತ್ಯ,” ಎಂದರು ಮೆಲ್ಲಗೆ. “ಒಂಟಿ ಸೀನು ಸೀನಿ ಅವಳ ಜೊತೆ ಹಡಗು ಹತ್ತಲ್ಲ. ಒಂದು ಸಲ ಆಗಿದ್ದು ಸಾಕು. ಅವಳಾದ್ರೂ ಚೆನ್ನಾಗಿರ್ಲಿ.”

ಗ್ಲೆನಿಸ್‌ಗೆ ಒಂದೂ ತಿಳಿಯಲಿಲ್ಲ. “ಏನಾಯ್ತು? ಕಡ್ಡಿ ಟ್ಯೂಬಿಗೆ ಹಾಕಲಿ. ಒಂದು ನಿಮಿಷ ನಲವತ್ತು ಸೆಕೆಂಡ್ ಇದೆ.”

“ಅಮ್ಮ ಇನ್ನೊಂದು ಸಲ ಸೀನಬೇಕು,” ಎಂದ ಸತ್ಯಪ್ರಕಾಶ. ಹೇಳುವಾಗಲೇ ಅವನಿಗೆ ತನ್ನ ಇಂಗ್ಲಿಷ್ ಹುಚ್ಚರ ಮಾತಿನಂತೆ ಕೇಳಿಸಿತು. “ಒಂದು ಸೀನಿದರೆ ತೊಂದರೆ. ಎರಡು ಸೀನಿದರೆ ತೊಂದರೆ ಇಲ್ಲ.”

ಗ್ಲೆನಿಸ್ ಕಾಗದ ತಿರುವಿದಳು. “ನನ್ನ ಲಿಸ್ಟಲ್ಲಿ ಒಂದು ಸೀನಿದರೂ ತೊಂದರೆ, ಲವ್. ಎರಡು ಸೀನಿದರೆ ದೊಡ್ಡ ತೊಂದರೆ.”

“ಅಮ್ಮ, ಕಿಟಕಿ ಕಡೆ ನೋಡು, ಬಿಸಿಲು ನೋಡಿದ್ರೆ ಬರತ್ತೆ.” ಪಾರ್ವತಮ್ಮ ನೋಡಿದರು. ಬರೀ ಕಣ್ಣೀರು ಬಂತು. ಮೆಣಸಿನ ಪುಡಿ ಅಡುಗೆಮನೆಯಲ್ಲಿತ್ತು. ಅಲ್ಲಿಗೆ ಹೋಗಬೇಕಾದರೆ ಅವನು ಕ್ಯಾಮೆರಾಕ್ಕೆ ಅಡ್ಡ ಬರಬೇಕು, ಬಂದರೆ ಕಂಪ್ಯೂಟರ್ ಮತ್ತೆ ಇಬ್ಬರೆಂದು ಎಣಿಸುತ್ತದೆ. ಐವತ್ತು ಸೆಕೆಂಡ್ ಉಳಿದಿತ್ತು. ಪಾರ್ವತಮ್ಮ ಕಡ್ಡಿಯನ್ನು ಮೇಜಿನ ಮೇಲಿಡಲು ಕೈ ಚಾಚಿದರು.

ಆಗ ಅಡಿಲೇಡಿನ ಚೌಕದಲ್ಲಿ ಏನೋ ಅಲುಗಿತು. ಕನಕ ತಮ್ಮ ಸೆರಗಿನ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ದೀಪದ ಬತ್ತಿ ಹೊಸೆಯುವಂತೆ ಹೊಸೆಯುತ್ತಿದ್ದರು. ಚೂಪಾದ ಮೇಲೆ ಅದನ್ನು ಮೂಗಿನೊಳಗೆ ತೂರಿಸಿ, ತಲೆ ಹಿಂದಕ್ಕೆ ಎಸೆದು, ಪ್ರಾಸ್ಪೆಕ್ಟ್ ರಸ್ತೆಗೆಲ್ಲ ಕೇಳುವಂತೆ ಸೀನಿದರು.

“ಎರಡಾಯ್ತಲ್ಲ ಅಕ್ಕ,” ಎಂದರು. “ಕಡ್ಡಿ ಹಾಕು.”

“ಪರಸ್ಪರ ಮಾತಾಡಬಾರದು. ಮೊದಲನೇ ಎಚ್ಚರಿಕೆ,” ಎಂದಳು ಗ್ಲೆನಿಸ್.

ಪಾರ್ವತಮ್ಮ ಏಳು ವರ್ಷದಲ್ಲಿ ಮೊದಲ ಸಲ ತಂಗಿಯ ಮುಖವನ್ನು ನೇರವಾಗಿ ನೋಡಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು. “ಬೇರೆಯವರ ಸೀನು ಲೆಕ್ಕಕ್ಕೆ ಬರಲ್ಲ ಕನಕ,” ಎಂದರು.

“ಎರಡನೇ ಎಚ್ಚರಿಕೆ. ಇನ್ನೊಂದಾದರೆ ರದ್ದು.”

ಕನಕ ಬಾಯಿ ತೆರೆದವರು ಮುಚ್ಚಿದರು. ಬೆರಳೆತ್ತಿ ತಮ್ಮ ಮೂಗು ಮುಟ್ಟಿ ತೋರಿಸಿದರು. ಆಮೇಲೆ ಅದೇ ಬೆರಳನ್ನು ಪರದೆಯ ಹತ್ತಿರ ತಂದು ಅಕ್ಕನ ಮೂಗು ತೋರಿಸಿದರು. ಇಬ್ಬರದೂ ಒಂದೇ ಮೂಗು. ಅವರಪ್ಪನಿಂದ ಬಂದದ್ದು, ತುದಿಯಲ್ಲಿ ದಪ್ಪ, ಎಡಕ್ಕೆ ಚೂರು ವಾಲಿದ್ದು. ಬೇರೆಯವರು ಯಾರು ಎಂದು ಕೇಳಲು ಅವರಿಗೆ ಮಾತು ಬೇಕಾಗಲಿಲ್ಲ.

ನಾಲ್ಕು ಸೆಕೆಂಡ್ ಉಳಿದಿರುವಾಗ ಕಡ್ಡಿ ಟ್ಯೂಬಿಗೆ ಬಿತ್ತು.

ಇನ್ನು ಹದಿನೈದು ನಿಮಿಷ ಕಾಯಬೇಕು. ಏಳುವಂತಿಲ್ಲ, ಮುಖ ಮುಚ್ಚುವಂತಿಲ್ಲ, ಮಾತಾಡುವಂತಿಲ್ಲ. ಮಾತು ಬಿಟ್ಟ ಅಕ್ಕತಂಗಿಯರನ್ನು ಮಾತಾಡದಂತೆ ಕಾಯಲು ಕಂಪನಿ ಒಬ್ಬ ಹೆಂಗಸನ್ನು ಇಟ್ಟಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಕನಕ ಅತ್ತರು. ಪಾರ್ವತಮ್ಮನೂ ಅತ್ತರು. ಒರೆಸಿಕೊಳ್ಳಲು ಗ್ಲೆನಿಸ್ ಅನುಮತಿ ಕೊಟ್ಟಳು, ಒಂದು ಸಲಕ್ಕೆ ಒಂದು ಕಣ್ಣು. ಮಂಡಿಯೂರಿದ್ದ ಸತ್ಯಪ್ರಕಾಶ ಮೇಜಿನ ಕಾಲಿಗೆ ಹಣೆ ಹಚ್ಚಿ ತಾನೂ ಅತ್ತ. ಅವನು ಚೌಕದ ಹೊರಗಿದ್ದದ್ದರಿಂದ ನಿಯಮದ ತೊಂದರೆ ಇರಲಿಲ್ಲ.

ಇಬ್ಬರದೂ ಒಂದೊಂದೇ ಗೆರೆ ಬಂತು. ಪಾರ್ವತಮ್ಮ ತಮ್ಮದನ್ನು ನೋಡಿ, ತಂಗಿಯದನ್ನು ನೋಡಿ, ಎರಡು ಬೆರಳು ಎತ್ತಿ ಮಗನಿಗೆ ತೋರಿಸಿದರು. ಅಲ್ಲಿಗೆ ಶಾಸ್ತ್ರವೂ ಸರಿಹೋಯಿತು.

ಗ್ಲೆನಿಸ್ ಮಾತ್ರ ಪೆನ್ನು ಎತ್ತಿಕೊಂಡೇ ಇದ್ದಳು. “ಸೀನು ನಾನು ಬರೀಲೇಬೇಕು. ಇಲ್ಲಿ ಒಂದು ಪ್ರಶ್ನೆ ಇದೆ. ಈ ಸೀನು ಹೊಸದಾ, ಹಳೇದಾ? ಹೊಸದಾದರೆ ಹಡಗು ಹತ್ತೋ ಹಾಗಿಲ್ಲ.”

ಸತ್ಯಪ್ರಕಾಶ ಕೇಳಿದ್ದನ್ನು ಕನ್ನಡದಲ್ಲಿ ಹೇಳಿದ. ಪಾರ್ವತಮ್ಮ ಯಾರ ಸಹಾಯವೂ ಇಲ್ಲದೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು.

“ಓಲ್ಡ್. ಸೆವೆನ್ ಇಯರ್ಸ್.”

“ಓ, ಹಳೇ ತೊಂದರೆ,” ಎಂದು ಗ್ಲೆನಿಸ್ ನೆಮ್ಮದಿಯಿಂದ ಒಂದು ಗುರುತು ಹಾಕಿದಳು. “ಈಗ ಹೇಗಿದೆ?”

“ಫಿನಿಶ್ಡ್,” ಎಂದರು ಪಾರ್ವತಮ್ಮ.

ಶುಭ ಪ್ರಯಾಣ ಹೇಳಿ ಗ್ಲೆನಿಸ್ ತನ್ನ ಚೌಕ ಮುಚ್ಚಿದಳು. ಎರಡು ಚೌಕ ಉಳಿದವು. ಈಗ ಮಾತಾಡಲು ಅಡ್ಡಿಯಿರಲಿಲ್ಲ, ಆದ್ದರಿಂದ ಇಬ್ಬರಿಗೂ ಮಾತು ಹೊಳೆಯಲಿಲ್ಲ. ಕೊನೆಗೆ ಕನಕ ಶಾಲು ಎಳೆದುಕೊಂಡು, ಏನಾದರೂ ಹೇಳಬೇಕಲ್ಲ ಎಂದು ಹೇಳಿದರು.

“ಇಲ್ಲಿ ಸಿಕ್ಕಾಪಟ್ಟೆ ಚಳಿ ಅಕ್ಕ.”

“ಗೊತ್ತು,” ಎಂದರು ಪಾರ್ವತಮ್ಮ. “ಇವತ್ತು ಹನ್ನೊಂದು ಡಿಗ್ರಿ. ನಾಳೆ ಮಳೆ ಇದೆ. ಏರ್‌ಪೋರ್ಟಿಗೆ ಹೊರಡುವಾಗ ಕಾಲುಚೀಲ ಹಾಕ್ಕೋ.”