ಊಟವಾದ ಮೇಲೆ ಹೇಳುವ ಸುದ್ದಿ

ನವ್ಯಶ್ರೀ ಗೆಳತಿಯರ ಜೊತೆ ಸ್ಪೇನಿನ ಟೊಲೆಡೊ ತಲುಪಿದ ಶುಕ್ರವಾರವೇ ಅವಳ ಅಪ್ಪ ಕುಂದಾಪುರದಲ್ಲಿ ತೀರಿಕೊಂಡರು. ಸುದ್ದಿ ಮೊದಲು ಬಂದದ್ದು ಇಂಗ್ಲೆಂಡಿನ ಹೇಸ್‌ನಲ್ಲಿದ್ದ ಸೋದರತ್ತೆ ವತ್ಸಲಾಳಿಗೆ. ಅಲ್ಲೇ ಹತ್ತಿರದ ಅಕ್ಸ್‌ಬ್ರಿಡ್ಜ್‌ನಲ್ಲಿ ಓದುವ ಹುಡುಗಿ ಇರುವುದು ಅವಳ ಮನೆಯಲ್ಲೇ. ಹೋದವನು ವತ್ಸಲಾಳ ಒಡಹುಟ್ಟಿದ ಅಣ್ಣ. ಗೋದಾಮಿನ ಕೆಲಸಕ್ಕೆ ರಜೆ ಹೇಳಿ, ತಲೆಗೆ ನೀರು ಹೊಯ್ದುಕೊಂಡು, ಬಾತ್‌ರೂಮಿನ ಬಾಗಿಲು ಹಾಕಿಕೊಂಡೇ ಅತ್ತಳು.

ಊರಿನಲ್ಲಿದ್ದ ತಮ್ಮ ಮಂಜಯ್ಯ ಫೋನಿನಲ್ಲಿ ಕೇಳಿದ್ದು ಒಂದೇ: ತಾಯಿಯೂ ಇಲ್ಲದ ಒಬ್ಬಳೇ ಮಗಳು, ಅವಳು ಬರುವ ತನಕ ಶವವನ್ನು ಆಸ್ಪತ್ರೆಯಲ್ಲಿ ಇಡಿಸುವುದೋ ಹೇಗೆ? ವತ್ಸಲಾ ಬೇಡವೆಂದಳು. ತನ್ನವರೆಂಬವರಿಲ್ಲದ ಊರಿನ ಬೀದಿಯಲ್ಲಿ ನಿಂತು ಹುಡುಗಿ ಎದೆಯೊಡೆದುಕೊಂಡರೆ ಹಿಡಿಯುವವರು ಯಾರು? ತಿರುಗಿ ಬರಲಿ, ಹತ್ತಿರ ಕೂರಿಸಿಕೊಂಡು ನಾನೇ ಹೇಳುತ್ತೇನೆ ಎಂದಳು. ಅಯ್ಯೋ, ಈ ಪ್ರೀತಿಗಿಷ್ಟು ಬೆಂಕಿ ಬೀಳ! ಒಳ್ಳೆಯದು ಮಾಡುತ್ತೇನೆಂದು ಹೊರಟವರನ್ನು ತಡೆಯುವುದು ದೇವರಿಗೂ ಆಗದ ಕೆಲಸ.

ಆ ಮಧ್ಯಾಹ್ನವೇ ಹುಡುಗಿಯ ಫೋನು ಬಂತು. ಅಪ್ಪಯ್ಯನೂ ಚಿಕ್ಕಪ್ಪನೂ ಫೋನ್ ತೆಗೆಯುತ್ತಿಲ್ಲ, ಅಪ್ಪಯ್ಯ ಹುಷಾರಾಗಿದ್ದಾರಲ್ಲ ಎಂದು ಕೇಳಿದಳು. ಮಲಗಿರಬೇಕು, ನೀನು ಊರು ನೋಡು ಎಂದಳು ವತ್ಸಲಾ. ಮರುದಿನದಿಂದ ಫೋಟೋಗಳು ಬಂದವು: ಊರನ್ನು ಮೂರು ಕಡೆ ಸುತ್ತಿದ ಹೊಳೆ, ಕೈ ಚಾಚಿದರೆ ಎರಡೂ ಗೋಡೆ ಸಿಗುವ ಓಣಿ, ದೊಡ್ಡ ಇಗರ್ಜಿಯ ಮುಂದೆ ನಗುವ ನವ್ಯಶ್ರೀ. ಅಷ್ಟರಲ್ಲಿ ಕುಂದಾಪುರದಲ್ಲಿ ಅಣ್ಣನ ಚಿತೆ ಆರಿತ್ತು. ವತ್ಸಲಾ ಮೂಗು ಒರೆಸಿಕೊಳ್ಳುತ್ತ ಪ್ರತಿಯೊಂದಕ್ಕೂ ಚೆಂದ ಇದೆ ಎಂದು ಬರೆದಳು.

ಭಾನುವಾರ ಹುಡುಗಿ ಬಂದಳು. ಸಾವಿನ ಸುದ್ದಿಯನ್ನು ಹಸಿದವರಿಗೆ ಹೇಳಬಾರದು, ಕೇಳಿದ ಮೇಲೆ ಅನ್ನ ಇಳಿಯುವುದಿಲ್ಲ, ಉಣಿಸಿಯೇ ಹೇಳಬೇಕೆಂಬುದು ಅವರ ಮನೆಯ ರೂಢಿ. ವತ್ಸಲಾ ಅವಳಿಗೆ ಉಸಿರಾಡಲೂ ಬಿಡದೆ ತಟ್ಟೆ ಹಾಕಿದಳು. ಇನ್ನೊಂದು ತುತ್ತು, ಇನ್ನೊಂದೇ ತುತ್ತು ಎಂದು ಎದುರಿಗೇ ಕೂತಳು. ತಾಯಿ ಹೋದ ದಿನ ಅಜ್ಜಿ ಹೀಗೆಯೇ ಉಣಿಸಿದ್ದು ನವ್ಯಶ್ರೀಗೆ ಮರೆತಿರಲಿಲ್ಲ. ಅನ್ನ ಕಲಸುತ್ತಿದ್ದ ಕೈ ನಿಂತಿತು.

"ಉಂಡಾದ್ ಮೇಲೆ ಎಂತ ಹೇಳುಕಿತ್ತ್, ಅತ್ತೆ?"

ವತ್ಸಲಾ ಮತ್ತೆ ಬಡಿಸಲು ಸೌಟು ಕೈಗೆತ್ತಿಕೊಂಡಳು. ಹುಡುಗಿಯೇ ಹೇಳಿದಳು. ಶುಕ್ರವಾರ ಶಾಲೆಯ ಗೆಳೆಯರ ಗುಂಪಿನಲ್ಲಿ ಯಾರೋ ಅಪ್ಪಯ್ಯನ ಫೋಟೋಗೆ ಹಾರ ಹಾಕಿ ಕಳಿಸಿ, ತಕ್ಷಣ ಅಳಿಸಿದ್ದರು. ಅವಳು ಮ್ಯಾಡ್ರಿಡ್‌ನಿಂದ ಊರಿಗೆ ವಿಮಾನ ಕೂಡ ಹುಡುಕಿದ್ದಳು. ಆಮೇಲೆ ಅಪ್ಪಯ್ಯ ಮಲಗಿರಬೇಕೆಂದು ಅತ್ತೆ ಹೇಳಿದಳು; ಅತ್ತೆ ಸುಳ್ಳು ಹೇಳುವವಳಲ್ಲವೆಂದು ನಂಬಿ ಸುಮ್ಮನಾದಳು.

ಅವಳು ಅಳಲಿಲ್ಲ. ಕೈ ತೊಳೆದು ಬಂದು ಬ್ಯಾಗನ್ನು ಮತ್ತೆ ಹೆಗಲಿಗೆ ಹಾಕಿಕೊಂಡಳು.

"ಈಗ್ಲೇ ಹೊರಟ್ರೆ ನಾಳೆ ಮುಟ್ಟುಕಾತ್ತ್. ಮುಖ ನೋಡುಕೆ ಇಟ್ಕಂಡಿದ್ರಲ್ದಾ?"

ವತ್ಸಲಾ ಎದ್ದು ಬ್ಯಾಗಿನ ಪಟ್ಟಿ ಹಿಡಿದುಕೊಂಡಳು.

"ಮಂಜ ಕೇಂಡಿದ್ದ, ಮಗಾ. ನಾನೇ ಬ್ಯಾಡ ಅಂದೆ."