ಪುಕ್ಕಲಿಯ ಕಠಿಣ ನಿರ್ಧಾರ

ಲಾಂಡ್ರಿಯ ಹೆಂಗಸರು ಕೂತಿದ್ದ ಸಾಲಿನಿಂದ ಒಂದು ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ಬಾಗಿಲ ಪಕ್ಕ ಹಾಕಿಕೊಂಡು ಬಜಾರಿ ಕೂತಳು. ಸ್ಮಶಾನಕ್ಕೆ ಹೊಂದಿಕೊಂಡ ಆ ಹಜಾರದಲ್ಲಿ ಹಾಗೆ ಸದ್ದು ಮಾಡಬಾರದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದಳು. ಎದುರಿನ ಉದ್ದನೆಯ ಪೆಟ್ಟಿಗೆಯಲ್ಲಿ ಪುಕ್ಕಲಿ ಮಲಗಿದ್ದಳು. ಯಾರೋ ಈಗ ಗದರಿಸಿಬಿಡುತ್ತಾರೆ ಎಂಬ ಅಂಜಿಕೆ ಸತ್ತ ಮೇಲೂ ಆ ಮುಖ ಬಿಟ್ಟು ಹೋಗಿರಲಿಲ್ಲ.

ಸಾಲಿನ ತುದಿಯಲ್ಲಿದ್ದ ಇಸ್ತ್ರಿಯವಳು ಹಿಂದೆ ತಿರುಗಿದಳು. "ಬಂದ್ಯಲ್ಲ, ಅಷ್ಟೇ ಸಾಕು ಕಣೇ."

"ನಿನಗೋಸ್ಕರ ಬಂದಿಲ್ಲ. ಅವಳಿಗೋಸ್ಕರಾನೂ ಬಂದಿಲ್ಲ."

"ಮತ್ತೆ ಯಾಕೆ ಬಂದೆ?"

ಬಜಾರಿಗೆ ಬೇಕಾಗಿದ್ದದ್ದು ಒಂದೇ ಮಾತು: ಅಷ್ಟು ಜನರಲ್ಲಿ ನಾನೇ ಯಾಕೆ? ಹೇಳಬೇಕಾದವಳು ಬಾಯಿ ಮುಚ್ಚಿಕೊಂಡು ಮಲಗಿದ್ದಳು. ಅದಕ್ಕೂ ಅವಳಿಗೆ ಸಿಟ್ಟು ಬಂತು.

*

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಲಾಂಡ್ರಿಯನ್ನು ದೊಡ್ಡ ಸರ್ ಶುರುಮಾಡಿದ್ದೇ ದಿಕ್ಕಿಲ್ಲದ ಹೆಂಗಸರಿಗೆಂದು. ಇದು ದಾನವೂ ಅಲ್ಲ, ಬರೀ ವ್ಯಾಪಾರವೂ ಅಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಒಗೆದ ಹೊದಿಕೆ ಮಡಚುವುದು ಬಜಾರಿ ಮತ್ತು ಪುಕ್ಕಲಿಯ ಕೆಲಸ. ಇಬ್ಬರೂ ಎರಡೆರಡು ತುದಿ ಹಿಡಿದು ಜಗ್ಗಬೇಕು, ಆಮೇಲೆ ಎದುರುಬದುರು ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಹತ್ತಿರ ಬಂದಾಗ ಬಜಾರಿಯದೊಂದು ಚಾಡಿ, ದೂರ ಸರಿದಾಗ ಇಬ್ಬರದೂ ನಗು. ಬಜಾರಿ, ಪುಕ್ಕಲಿ ಎಂಬುದು ಅವರೇ ಒಬ್ಬರಿಗೊಬ್ಬರು ಇಟ್ಟುಕೊಂಡ ಹೆಸರು. ಮೇಲ್ವಿಚಾರಕ ಕೂಗಾಡಿದರೆ ಪುಕ್ಕಲಿ ಗೆಳತಿಯ ಬೆನ್ನ ಹಿಂದೆ. ಬಜಾರಿ ಅವನ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಟ್ಟು, ಆಮೇಲೆ ತಿರುಗಿ ಇವಳಿಗೂ ಸರಿಯಾಗಿ ಬೈಯುತ್ತಿದ್ದಳು.

ಒಂದು ದಿನ ದೊಡ್ಡ ಸರ್‌ಗೆ, ಲಾಂಡ್ರಿಯನ್ನು ಹೆಂಗಸರೇ ನಡೆಸಬೇಕೆಂಬ ಹುಕಿ ಬಂತು. ನಾಯಕತ್ವದ ತರಬೇತಿಗೆ ಪುಕ್ಕಲಿಯನ್ನು ಆರಿಸಿದರು. ಎದುರು ಮಾತಾಡದವಳನ್ನು ನಾಯಕಿ ಮಾಡುವುದು ಸುಲಭವೆಂದು ಅನಿಸಿರಬೇಕು. ಶನಿವಾರ ಶನಿವಾರ ಹೋಗಿ ಅವಳು ಬೆನ್ನು ನೆಟ್ಟಗೆ ಮಾಡಿ ನಿಲ್ಲುವುದನ್ನು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನು ಕಲಿತಳು. ಮನೆಗೆ ಬಂದು ಬಜಾರಿಯನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದಳು. "ದನಿ ಎತ್ತೇ, ಜ್ವರ ಬಂದೋಳ ಹಾಗೆ ಗೊಣಗಬೇಡ" ಎಂದು ತಿದ್ದಿದವಳು ಬಜಾರಿಯೇ. ಶುಕ್ರವಾರ ಸಂಜೆ ಎಲ್ಲರೂ ಸುತ್ತ ನಿಂತು, ಒಬ್ಬರ ಬಗ್ಗೆ ಮೂರು ಒಳ್ಳೆಯ ಮಾತು, ತಿದ್ದಿಕೊಳ್ಳಬೇಕಾದ ಒಂದು ಮಾತು ಹೇಳುವ ಪದ್ಧತಿಯೂ ಆ ತರಬೇತಿಯಿಂದಲೇ ಬಂತು.

ಕೊನೆಯ ಪರೀಕ್ಷೆಯೆಂದರೆ, ಕಠಿಣವಾದ ಒಂದು ನಿರ್ಧಾರವನ್ನು ಒಬ್ಬಳೇ ತೆಗೆದುಕೊಳ್ಳಬೇಕು, ತಾನೇ ಜಾರಿಗೆ ತರಬೇಕು. ಆಗಷ್ಟೇ ಮಡಚುವ ಯಂತ್ರ ಬಂದಿತ್ತು. ಲಾಂಡ್ರಿಯ ಅಷ್ಟೂ ಹೆಂಗಸರಲ್ಲಿ ಯಾರಾದರೂ ಒಬ್ಬರು ಹೋಗಬೇಕಿತ್ತು, ಯಾರೆಂಬುದು ಪುಕ್ಕಲಿಗೆ ಬಿಟ್ಟದ್ದು. ಪುಕ್ಕಲಿ ಬಜಾರಿಯನ್ನು ಕಚೇರಿಗೆ ಕರೆಸಿದಳು. ಬೆನ್ನು ನೆಟ್ಟಗೆ ಮಾಡಿದಳು. ಮೂರು ಒಳ್ಳೆಯ ಮಾತು ಹೇಳಿ, ನಾಲ್ಕನೆಯ ಮಾತಿಗೆ ಕೆಲಸದಿಂದ ತೆಗೆದಳು. ಅವಳ ದನಿ ಒಂದಿಷ್ಟೂ ನಡುಗಲಿಲ್ಲ. ಜನ್ಮದಲ್ಲಿ ಮೊದಲ ಸಲ ಬಜಾರಿ ಬೈಯದೆ ಎದ್ದು ಹೋದಳು. ಎದ್ದು ಹೋದವಳು ಬಸ್ ನಿಲ್ದಾಣದ ಶೌಚಾಲಯ ತೊಳೆಯುವ ಕೆಲಸ ಹಿಡಿದಳು, ಲಾಂಡ್ರಿಯ ಬೀದಿಯಲ್ಲಿ ಮತ್ತೆ ಕಾಲಿಡಲಿಲ್ಲ. ಪುಕ್ಕಲಿ ಎಲ್ಲರಿಗೂ ಮೇಡಂ ಆದಳು.

*

"ನಮ್ಮ ಪದ್ಧತಿಯಂತೆ ಎಲ್ಲರೂ ಸುತ್ತ ನಿಂತು ಎರಡು ಮಾತು ಹೇಳೋಣ" ಎಂದರು ಪೆಟ್ಟಿಗೆಯ ಪಕ್ಕ ನಿಂತಿದ್ದ ದೊಡ್ಡ ಸರ್.

ಇಸ್ತ್ರಿಯವಳೇ ಮೊದಲು ಬಾಯಿಬಿಟ್ಟಳು. "ಮೇಡಂ ಯಾರ ಮೇಲೂ ರೇಗ್ತಿರಲಿಲ್ಲ. ಟೈಮಿಗೆ ಸರಿಯಾಗಿ ಬರ್ತಿದ್ರು. ನನ್ನ ಮಗಳ ಮದುವೆಗೆ ಕೇಳಿದಷ್ಟು ರಜೆ ಕೊಟ್ರು." ವರ್ಷಗಟ್ಟಲೆಯ ರೂಢಿಯನ್ನು ನಾಲಿಗೆ ಬಿಟ್ಟೀತೆ? "ತಿದ್ದಿಕೊಳ್ಳಬೇಕಾದ್ದು ಅಂದ್ರೆ, ಸ್ವಲ್ಪ ಮುಂಚೇನೇ ಡಾಕ್ಟರ ಹತ್ರ ಹೋಗ್ಬೇಕಿತ್ತು."

"ಒಳ್ಳೆಯ ಅಂಶ" ಎಂದು ದೊಡ್ಡ ಸರ್ ತಲೆದೂಗಿದರು. ತಾವೇನು ಹೇಳಿದೆವೆಂದು ಹೊಳೆದ ಮೇಲೆ ಸುಮ್ಮನೆ ಕೆಮ್ಮಿದರು.

ಬಜಾರಿಗೆ ನಗು ಉಕ್ಕಿ ಬಂತು. ಈ ನಗುವನ್ನು ಹಂಚಿಕೊಳ್ಳಬಹುದಾಗಿದ್ದವಳು ಇಡೀ ಊರಲ್ಲಿ ಒಬ್ಬಳೇ ಇದ್ದಳು. ಅವಳೀಗ ಪೆಟ್ಟಿಗೆಯಲ್ಲಿದ್ದಳು. ಬಜಾರಿ ಎದ್ದು ಹೊರಗಿನ ಜಗಲಿಗೆ ಹೋದಳು. ಹಿಂದೆಯೇ ಪುಕ್ಕಲಿಯ ಮಗಳು ಬಂದಳು.

"ಚಿಕ್ಕಮ್ಮ, ಕೊನೆಗೂ ಬಂದ್ರಲ್ಲ. ಅಮ್ಮ ನಿಮಗೋಸ್ಕರ ಕಾಯ್ತಿದ್ಲು."

"ಕಾಯೋದಕ್ಕೆ ನಾನೇನು ಬಸ್ಸಾ? ನಮ್ಮನೆ ಬಾಗಿಲು ಅವಳಿಗೆ ಗೊತ್ತಿರಲಿಲ್ವಾ?"

"ಎಷ್ಟೋ ಸಲ ನಿಮ್ಮ ಬೀದಿ ತಿರುವಿನ ತನಕ ಬಂದು ವಾಪಸ್ ಬರ್ತಿದ್ಲು. ಹೆದರಿಕೆ."

"ನನ್ನ ತೆಗೆಯೋವಾಗ ಎಲ್ಲಿ ಹೋಗಿತ್ತಮ್ಮ ಆ ಹೆದರಿಕೆ?"

ಮಗಳು ಕಂಬಕ್ಕೆ ಒರಗಿದಳು. "ಅವತ್ತೂ ಹೆದರಿಕೆಯಿಂದಾನೇ ಚಿಕ್ಕಮ್ಮ. ಬೇರೆ ಯಾರನ್ನ ತೆಗೆದ್ರೂ ಮನೆ ಮುಂದೆ ನಿಂತು ಶಾಪ ಹಾಕ್ತಾರೆ ಅಂತಿದ್ಲು. ಬಜಾರಿಯಾದ್ರೆ ಸಂಜೆ ಬರ್ತಾಳೆ, ಬಾಯಿಗೆ ಬಂದ ಹಾಗೆ ಬೈತಾಳೆ, ಬೈದಾದ ಮೇಲೆ ಊಟಕ್ಕೆ ಕೂರ್ತಾಳೆ, ಅಷ್ಟೇ ಅಂದ್ಲು. ಅವತ್ತು ನಿಮ್ಮನ್ನೂ ಸೇರಿಸಿ ಅಡುಗೆ ಮಾಡಿದ್ಲು."

ಶೌಚಾಲಯ ತೊಳೆಯುತ್ತ ತೊಳೆಯುತ್ತ ಬಜಾರಿ ತನ್ನ ತಪ್ಪನ್ನು ಹುಡುಕಿದ್ದಳು. ಕೈ ನಿಧಾನವೇ? ಬಾಯಿ ಜೋರೇ? ವಯಸ್ಸಾಯಿತೇ? ತಪ್ಪೇನೂ ಇರಲಿಲ್ಲ. ಇದ್ದದ್ದು ಸಲಿಗೆ. ಯಾರನ್ನು ಕಂಡರೆ ಭಯವಿಲ್ಲವೋ ಅವಳನ್ನೇ ಬಲಿ ಕೊಟ್ಟು ಪುಕ್ಕಲಿ ಪರೀಕ್ಷೆ ಪಾಸಾಗಿದ್ದಳು. ಇಷ್ಟು ಸಣ್ಣ ಕಾರಣಕ್ಕೆ ತನ್ನ ಬದುಕು ಹಾಳಾಯಿತೇ ಎಂದು ಬಜಾರಿಗೆ ಮೈಯೆಲ್ಲ ಉರಿಯಿತು.

ಒಳಗೆ ಪೆಟ್ಟಿಗೆ ಮುಚ್ಚಲು ಇಬ್ಬರು ಕೆಲಸದವರು ಮುಚ್ಚಳ ಎತ್ತಿದ್ದರು. ಬಜಾರಿ ಹೆಂಗಸರನ್ನು ಪಕ್ಕಕ್ಕೆ ತಳ್ಳಿ ಮುಂದೆ ನುಗ್ಗಿದಳು.

"ಏನೇ ಪುಕ್ಕಲಿ! ಅಡುಗೆ ಮಾಡಿಟ್ಟುಕೊಂಡು ಕೂತಿದ್ಯಂತೆ! ನನ್ನ ಅನ್ನ ಕಿತ್ತುಕೊಂಡು ನಿನ್ನ ಮನೆ ಅನ್ನ ತಿನ್ನಕ್ಕೆ ಬರ್ತೀನಿ ಅಂದ್ಕೊಂಡ್ಯಾ? ಯಾರನ್ನ ಕೇಳಿ ಅಂದ್ಕೊಂಡೆ? ತಿರುವಿನ ತನಕ ಬಂದ ಕಾಲಿಗೆ ಇನ್ನು ನಾಕು ಹೆಜ್ಜೆ ಭಾರವಾಯ್ತಾ? ಬೈಸಿಕೊಳ್ಳಕ್ಕೂ ಧೈರ್ಯ ಇಲ್ಲದೋಳು ಯಾವ ಸೀಮೆ ನಾಯಕಿನೇ ನೀನು?"

"ಅಮ್ಮಾ, ಸಮಾಧಾನ... ಹೊತ್ತಾಯ್ತು" ಎಂದರು ದೊಡ್ಡ ಸರ್.

"ನೀವು ಸುಮ್ನಿರಿ ಸ್ವಾಮಿ, ನಿಮ್ಮ ಸರದಿ ಆಮೇಲಿದೆ!" ಎಂದು ಬಜಾರಿ ಮತ್ತೆ ಪೆಟ್ಟಿಗೆಯ ಕಡೆ ಬಾಗಿದಳು. ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಕ್ಷಮಿಸಲ್ಲ ಕಣೇ. ಕೇಳಿಸ್ತಾ? ಬೈತೀನಿ, ಕ್ಷಮಿಸಲ್ಲ. ಇನ್ನೊಂದು ಮಾತು..."

ಮುಚ್ಚಳ ಹಿಡಿದಿದ್ದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೋಳು ಸೋತು, ಸದ್ದಾಗದಂತೆ ಅದನ್ನು ನೆಲಕ್ಕೆ ನೆಟ್ಟಗೆ ಊರಿ, ಮೇಲೆ ಮೊಣಕೈ ಇಟ್ಟುಕೊಂಡು ಕಾದು ನಿಂತರು.